ಹಂಪಿ: ಕಲ್ಲು ಉಳಿಯಿತು, ಊರು ಹೊಳೆ ದಾಟಿತು

ಹೊಸಪೇಟೆ: ಹಂಪಿಯ ವಿರೂಪಾಕ್ಷ ದೇವಾಲಯದ ಎದುರಿನ ರಥಬೀದಿ ಈಗ ವಿಶಾಲವಾಗಿ, ನಿಶ್ಶಬ್ದವಾಗಿ ಮಲಗಿದೆ. 2011ರವರೆಗೆ ಇದು ಊರಾಗಿತ್ತು. ಎರಡೂ ಬದಿಯ ಸಾಲು ಮಂಟಪಗಳ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು, ಮಂಟಪಗಳ ಬೆನ್ನಿಗೆ ಮನೆ ಕಟ್ಟಿಕೊಂಡು ನೂರಾರು ಕುಟುಂಬಗಳು ಬಾಳುತ್ತಿದ್ದವು. ತೆಂಗಿನಕಾಯಿ, ಕುಂಕುಮದ ಅಂಗಡಿಗಳ ಪಕ್ಕದಲ್ಲೇ ಸೈಕಲ್ ಬಾಡಿಗೆಗೆ ಕೊಡುವವರು, ಇಡ್ಲಿ ಹೋಟೆಲಿನವರು, ವಿದೇಶಿ ನೋಟು ಬದಲಿಸಿಕೊಡುವವರು ಇದ್ದರು. ಬೀದಿ ತೆರವಾಯಿತು. ಪ್ರವಾಸಿಗರು ತುಂಗಭದ್ರೆಯನ್ನು ದಾಟಿ ಆಚೆಯ ವಿರೂಪಾಪುರಗಡ್ಡಿಯನ್ನು ಇನ್ನಷ್ಟು ತುಂಬಿದರು. 2020ರಲ್ಲಿ ಅದೂ ತೆರವಾಯಿತು. ವ್ಯಾಪಾರ ಮತ್ತೂ ಮುಂದೆ ಸರಿದು ಸಣಾಪುರ, ಆನೆಗೊಂದಿ ಸುತ್ತಲಿನ ಭತ್ತದ ಗದ್ದೆಗಳಿಗೆ ಇಳಿಯಿತು.

ಎರಡು ದೊಡ್ಡ ತೆರವು ಕಾರ್ಯಾಚರಣೆಗಳ ನಂತರವೂ ಹಂಪಿಗೆ ಬರುವವರ ಸಂಖ್ಯೆಯೇನೂ ಕುಗ್ಗಿಲ್ಲ. ಪ್ರವಾಸೋದ್ಯಮ ಕೇವಲ ತನ್ನ ಜಾಗ ಬದಲಿಸಿಕೊಂಡಿದೆ. ಹಾಗೆ ಜಾಗ ಬದಲಿಸಿದಾಗಲೆಲ್ಲ ಕೈಯಲ್ಲಿ ನಾಲ್ಕು ಕಾಸಿಲ್ಲದ ಸ್ಥಳೀಯ ಹಿಂದೆ ಉಳಿದಿದ್ದಾನೆ, ಜಮೀನು ಕೊಳ್ಳಬಲ್ಲ ಹೊರಗಿನವನು ಮುಂದೆ ಹೋಗಿದ್ದಾನೆ. ಸ್ಮಾರಕಗಳ ಲೆಕ್ಕವನ್ನು ಶ್ರದ್ಧೆಯಿಂದ ಇಡುವ ಆಡಳಿತ ಯಂತ್ರಕ್ಕೆ ಈ ಲೆಕ್ಕ ಇಡುವ ವ್ಯವಧಾನ ಈವರೆಗೆ ದೊರೆತಂತಿಲ್ಲ. ನದಿಯ ಲೆಕ್ಕವನ್ನಂತೂ ಯಾರೂ ಕೇಳಿಲ್ಲ.

ಪಟ್ಟಿ ಮತ್ತು ಸೇತುವೆ

1986ರಲ್ಲಿ ಯುನೆಸ್ಕೊ ಹಂಪಿಯ ಸ್ಮಾರಕ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1565ರ ರಕ್ಕಸತಂಗಡಿ ಯುದ್ಧದ ನಂತರ ಪಾಳುಬಿದ್ದ ರಾಜಧಾನಿಯ 1600ಕ್ಕೂ ಹೆಚ್ಚು ಅವಶೇಷಗಳು ಇಲ್ಲಿವೆ. ದೇವಾಲಯ, ಅರಮನೆಯ ಅಡಿಪಾಯ, ಪುಷ್ಕರಣಿ, ಕಾಲುವೆ, ಕೋಟೆಗೋಡೆ, ಪೇಟೆಬೀದಿ ಎಲ್ಲವೂ ಆ ಎಣಿಕೆಯಲ್ಲಿ ಸೇರಿವೆ. ಆದರೆ ಹಂಪಿ ಎಂದೂ ಪೂರ್ತಿ ಪಾಳುಬಿದ್ದ ಊರಲ್ಲ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ, ಬಾಳೆ ಮತ್ತು ಭತ್ತ ಬೆಳೆಯುತ್ತವೆ. ಜಗತ್ತಿನ ಅನೇಕ ಪುರಾತನ ನಗರಗಳಿಗಿಲ್ಲದ ಈ ಗುಣವೇ ಹಂಪಿಯ ವಿಶೇಷ. ಆಡಳಿತಕ್ಕೆ ಅದೇ ತಲೆನೋವು.

1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದಾಗ ನೀಡಿದ ಮುಖ್ಯ ಕಾರಣ ಪರಂಪರೆ ಪ್ರದೇಶದ ಒಳಗೆ ನಿರ್ಮಾಣವಾಗುತ್ತಿದ್ದ ಎರಡು ತೂಗುಸೇತುವೆಗಳು. ಒಂದು ವಿರೂಪಾಪುರಗಡ್ಡಿಗೆ ಹೋಗುವ ಕಾಲುಸೇತುವೆ, ಇನ್ನೊಂದು ತಳವಾರಘಟ್ಟದ ಬಳಿ ಆನೆಗೊಂದಿಗೆ ಸಂಪರ್ಕ ಕಲ್ಪಿಸುವ ವಾಹನ ಸೇತುವೆ. ಮೊದಲನೆಯದನ್ನು ಬಿಚ್ಚಲಾಯಿತು. ಎರಡನೆಯದು ವರ್ಷಗಟ್ಟಲೆ ಅರ್ಧಕ್ಕೆ ನಿಂತಿತ್ತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂದ ಬಳಿಕ ಮತ್ತೆ ಕಾಮಗಾರಿ ಶುರುವಾಗಿ, 2009ರ ಜನವರಿಯಲ್ಲಿ ಸೇತುವೆ ಕುಸಿದು ಹಲವು ಕಾರ್ಮಿಕರು ಪ್ರಾಣ ತೆತ್ತರು. ಆಚೆ ದಡದ ಹಳ್ಳಿಗರಿಗೆ ಆ ಸೇತುವೆ ಆಸ್ಪತ್ರೆ, ಕಾಲೇಜು, ಸಂತೆಯ ದಾರಿಯಾಗಬೇಕಿತ್ತು. ಪಟ್ಟಿಯ ರಾಜಕಾರಣದಲ್ಲಿ ಆ ಸಂಗತಿ ಎಲ್ಲಿಯೂ ಎದ್ದು ಕಾಣಲಿಲ್ಲ. ಬುಕ್ಕಸಾಗರ-ಕಡೆಬಾಗಿಲು ನಡುವೆ ಸೇತುವೆ ಆಗುವವರೆಗೂ ಅವರು ಹರಿಗೋಲನ್ನು ನಂಬಬೇಕಾಯಿತು, ಇಲ್ಲವೇ ಬಹುದೂರ ಸುತ್ತಿ ಬರಬೇಕಾಯಿತು.

ಅಪಾಯದ ಪಟ್ಟಿಯಿಂದ ಪಾರಾಗುವ ಯತ್ನದಲ್ಲೇ ರಾಜ್ಯ ಸರ್ಕಾರ 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ಸುಮಾರು 236 ಚದರ ಕಿಲೋಮೀಟರ್ ವ್ಯಾಪ್ತಿಯ, ಹಲವು ಹಳ್ಳಿಗಳನ್ನು ಒಳಗೊಂಡ ಈ ಪ್ರದೇಶದಲ್ಲಿ ಕಟ್ಟಡ ಕಟ್ಟಲು ಪ್ರಾಧಿಕಾರದ ಅನುಮತಿ ಬೇಕು. ಸುಮಾರು 42 ಚದರ ಕಿ.ಮೀ. ಒಳವಲಯದಲ್ಲಿ ನಿಯಮ ಇನ್ನೂ ಬಿಗಿ. ಇದರ ಮೇಲೆ ಕೇಂದ್ರದ ಪುರಾತತ್ವ ಸರ್ವೇಕ್ಷಣಾ ಇಲಾಖೆ, ರಾಜ್ಯದ ಪುರಾತತ್ವ ಇಲಾಖೆ, ಮುಜರಾಯಿ, ಪ್ರವಾಸೋದ್ಯಮ, ಅರಣ್ಯ, ಕಂದಾಯ, ನೀರಾವರಿ ಇಲಾಖೆಗಳು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಳೆಯ ಈಚೆ ವಿಜಯನಗರ ಜಿಲ್ಲೆ, ಆಚೆ ಕೊಪ್ಪಳ ಜಿಲ್ಲೆ. ಒಂದು ಅಂಗಡಿ ಎತ್ತಿಸಲು ಎಲ್ಲರಿಗೂ ಅಧಿಕಾರವಿದೆ. ಒಂದು ಶೌಚಾಲಯ ಕಟ್ಟಿಸಲು ಎಲ್ಲರೂ ಇನ್ನೊಬ್ಬರ ಕಡೆ ನೋಡುತ್ತಾರೆ.

ಒಂದು ರಾತ್ರಿಯ ನೋಟಿಸು

2011ರ ಜುಲೈ ಕೊನೆಯ ವಾರ ಬಳ್ಳಾರಿ ಜಿಲ್ಲೆ ದೇಶದ ಸುದ್ದಿಯಾಗಿತ್ತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ, ಜಿಲ್ಲೆಯಲ್ಲಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ, ಮುಖ್ಯಮಂತ್ರಿ ರಾಜೀನಾಮೆಯ ಗದ್ದಲದಲ್ಲಿ ಹಂಪಿ ಬಜಾರಿನ ತೆರವು ಒಳಪುಟದ ಸುದ್ದಿಯಾಗಿ ಮುಗಿದುಹೋಯಿತು. ಮನೆ ಖಾಲಿ ಮಾಡಲು ದೊರೆತದ್ದು ಹೆಚ್ಚುಕಡಿಮೆ ಒಂದು ರಾತ್ರಿಯ ಗಡುವು. ಬೆಳಗಾಗುವುದರೊಳಗೆ ಜೆಸಿಬಿ ಯಂತ್ರಗಳು ಬೀದಿಯಲ್ಲಿದ್ದವು. ಕಡ್ಡಿರಾಂಪುರದಲ್ಲಿ ನಿವೇಶನ, ಪರಿಹಾರದ ಭರವಸೆ ನೀಡಲಾಯಿತು. ಆ ಭರವಸೆ ಕೈಸೇರಲು ನಿರಾಶ್ರಿತರು ವರ್ಷಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು.

ಆಡಳಿತದ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಕೃಷ್ಣದೇವರಾಯನ ಕಾಲದ ಬೀದಿಯ ಮಂಟಪಗಳಲ್ಲಿ ಸಿಮೆಂಟಿನ ಗೋಡೆ ಎದ್ದಿತ್ತು, ಕಂಬಕ್ಕೆ ಮೊಳೆ ಹೊಡೆಯಲಾಗಿತ್ತು, ಚಪ್ಪಡಿಯ ಮೇಲೆ ನೀರಿನ ಟ್ಯಾಂಕು ಕೂತಿತ್ತು, ಒಂದಂತಸ್ತಿನ ಮನೆ ಎರಡಂತಸ್ತಿನ ಲಾಡ್ಜಾಗಿತ್ತು. ನ್ಯಾಯಾಲಯದ ಆದೇಶವೂ ಇತ್ತು. ಆದರೆ ಆ ವಾದ ಒಂದು ಪ್ರಶ್ನೆಗೆ ಉತ್ತರಿಸಲಿಲ್ಲ. ಹೂವು ಕಾಯಿ ಮಾರುವವನೂ ಅಕ್ರಮ ಲಾಡ್ಜಿನವನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರೇ? ರಥಬೀದಿ ವಿಜಯನಗರದ ಕಾಲದಲ್ಲೂ ಪೇಟೆಯೇ ಆಗಿತ್ತು. ಹಂಪಿಯ ದೊಡ್ಡ ದೇವಾಲಯಗಳ ಮುಂದೆಲ್ಲ ಇಂಥ ಪೇಟೆಬೀದಿಗಳಿವೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬೆರಗಾಗಿ ಬರೆದದ್ದು ಇಲ್ಲಿನ ಪೇಟೆಗಳ ಗದ್ದಲದ ಬಗ್ಗೆ. ಪೇಟೆಯನ್ನು ಪೇಟೆಯಾಗಿಯೇ ನಿಯಮಕ್ಕೆ ಒಳಪಡಿಸಿ ಉಳಿಸುವ ಮೂರನೆಯ ದಾರಿಯನ್ನು ಯಾರೂ ಗಂಭೀರವಾಗಿ ಪರಿಶೀಲಿಸಲಿಲ್ಲ.

ದಾರಿ ಇರಲಿಲ್ಲವೆಂದಲ್ಲ. ದೆಹಲಿಯ ವಾಸ್ತುತಜ್ಞೆ ನಳಿನಿ ಠಾಕೂರ್ ನೇತೃತ್ವದಲ್ಲಿ ಸಿದ್ಧವಾದ ಸಮಗ್ರ ನಿರ್ವಹಣಾ ಯೋಜನೆ ಹಂಪಿಯನ್ನು ಬಿಡಿ ಸ್ಮಾರಕಗಳ ಸಂಗ್ರಹವಾಗಿ ನೋಡದೆ, ಹೊಲ, ನದಿ, ಊರು, ಜಾತ್ರೆ ಸೇರಿದ ಜೀವಂತ ಭೂದೃಶ್ಯವಾಗಿ ನೋಡಬೇಕೆಂದು ಪ್ರತಿಪಾದಿಸಿತ್ತು. ಜಾರಿಯ ಹಂತಕ್ಕೆ ಬಂದಾಗ ಯಂತ್ರಕ್ಕೆ ಸುಲಭವಾಗಿ ಅರ್ಥವಾದದ್ದು ತೆರವು ಮಾತ್ರ.

2024ರ ಮೇ ತಿಂಗಳ ಮಳೆಗೆ ಇದೇ ಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಜನರನ್ನು ಎಬ್ಬಿಸಿದರೆ ಕಲ್ಲು ತಾನಾಗಿಯೇ ಉಳಿಯುತ್ತದೆ ಎಂದು ನಂಬಿದ್ದವರಿಗೆ ಅದು ಮಳೆ ಕೊಟ್ಟ ಉತ್ತರ.

ಗಡ್ಡಿಯ ಹೀಬ್ರೂ ಫಲಕಗಳು

ತುಂಗಭದ್ರೆ ಕವಲೊಡೆದು ಸೃಷ್ಟಿಸಿದ ವಿರೂಪಾಪುರಗಡ್ಡಿಗೆ ‘ಹಿಪ್ಪಿ ದ್ವೀಪ’ ಎಂಬ ಹೆಸರು ಬಿದ್ದದ್ದು ಗೋವಾದಿಂದ ಹಂಪಿಗೆ ಬರುತ್ತಿದ್ದ ವಿದೇಶಿ ಯುವಜನರಿಂದ. ಸೇನೆಯ ಕಡ್ಡಾಯ ಸೇವೆ ಮುಗಿಸಿ ತಿಂಗಳುಗಟ್ಟಲೆ ತಿರುಗಾಟಕ್ಕೆ ಹೊರಡುವ ಇಸ್ರೇಲಿಗರು ಅವರಲ್ಲಿ ಗಣನೀಯವಾಗಿದ್ದರು. ಗಡ್ಡಿಯ ಹೋಟೆಲುಗಳ ಮುಂದೆ ಹೀಬ್ರೂ ಫಲಕಗಳು ತೂಗಿದವು, ತಿಂಡಿಪಟ್ಟಿಯಲ್ಲಿ ಫಲಾಫೆಲ್ ಬಂತು, ಶಾಲೆ ಬಿಟ್ಟ ಹುಡುಗರು ಹೀಬ್ರೂವಿನಲ್ಲಿ ಚೌಕಾಶಿ ಮಾಡುವಷ್ಟು ಪರಿಣತರಾದರು. ಇದರ ಜೊತೆಗೇ ಮಾದಕ ವಸ್ತು, ರಾತ್ರಿಯ ಅಬ್ಬರದ ಸಂಗೀತ, ನಿಷೇಧವಿದ್ದರೂ ನಡೆಯುವ ಮದ್ಯದ ವ್ಯಾಪಾರದ ದೂರುಗಳು ಬಂದವು. ಎದುರು ದಡದಲ್ಲಿ ದೇವಸ್ಥಾನ, ಈ ದಡದಲ್ಲಿ ಮೋಜು. ನಡುವೆ ದೋಣಿ.

ಸಂಸ್ಕೃತಿ ಕೆಟ್ಟಿತು ಎಂದು ಹಲುಬುವವರು ಗಮನಿಸಬೇಕಾದ ಸಂಗತಿಯೊಂದಿದೆ. ಆ ಹೋಟೆಲುಗಳಲ್ಲಿ ಅಡುಗೆ ಮಾಡಿದವರು, ಬಟ್ಟೆ ಒಗೆದವರು, ದೋಣಿ ನಡೆಸಿದವರು ಸುತ್ತಲಿನ ಹಳ್ಳಿಗಳವರೇ. ಅದುವರೆಗೆ ಗದ್ದೆಯ ಕೂಲಿ ಬಿಟ್ಟರೆ ಹೊಸಪೇಟೆಯ ಕಾರ್ಖಾನೆ, ಅದೂ ಬಿಟ್ಟರೆ ಗಣಿ ಎಂಬ ಸ್ಥಿತಿಯಲ್ಲಿದ್ದವರಿಗೆ ಪ್ರವಾಸೋದ್ಯಮ ಮೊದಲ ಬಾರಿಗೆ ಮನೆಬಾಗಿಲಲ್ಲಿ ಕೆಲಸ ಕೊಟ್ಟಿತು. ಹುಡುಗರು ಪರಭಾಷೆ ಕಲಿತದ್ದರಲ್ಲಿ ನಷ್ಟವೇನೂ ಇಲ್ಲ. ನಷ್ಟವಾದದ್ದು ಬೇರೆ ಕಡೆ. ಬಂದವರು ತಿಂಗಳುಗಟ್ಟಲೆ ಇದ್ದರೂ ಈ ನೆಲದ ಕತೆ ಕೇಳುವ ಅಗತ್ಯವೇ ಅವರಿಗೆ ಬೀಳಲಿಲ್ಲ. ಹೇಳಬಲ್ಲವರು ಅಡುಗೆಮನೆಯಲ್ಲಿದ್ದರು.

ಗಡ್ಡಿಯ ಕಟ್ಟಡಗಳ ಪ್ರಕರಣ ಹೈಕೋರ್ಟಿನ ಮೂಲಕ ಸುಪ್ರೀಂ ಕೋರ್ಟ್ ತಲುಪಿತು. ಈ ನೆಲ 1988ರ ರಾಜ್ಯ ಸರ್ಕಾರದ ಅಧಿಸೂಚನೆಯ ಸಂರಕ್ಷಿತ ಪ್ರದೇಶದ ಒಳಗೇ ಬರುತ್ತದೆ, ಕಟ್ಟಡಗಳು ಅಕ್ರಮ ಎಂದು 2020ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಮಾರ್ಚ್ ಆರಂಭದಲ್ಲೇ ಕೊಪ್ಪಳ ಜಿಲ್ಲಾಡಳಿತ ರೆಸಾರ್ಟ್‌ಗಳನ್ನು ನೆಲಸಮ ಮಾಡಿತು. ಅದೇ ತಿಂಗಳ ಕೊನೆಗೆ ದೇಶಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಕೆಲಸ ಕಳೆದುಕೊಂಡವರ ಕಡೆ ತಿರುಗಿ ನೋಡಲು ಆಗ ಯಾರಿಗೂ ಪುರುಸೊತ್ತು ಇರಲಿಲ್ಲ.

ವಾರಾಂತ್ಯದ ಹಂಪಿ

ಲಾಕ್‌ಡೌನ್ ಮುಗಿದ ಮೇಲೆ ತೆರೆದುಕೊಂಡ ಹಂಪಿಗೆ ಬಂದ ಪ್ರವಾಸಿ ಬೇರೆಯವನು. ನ್ಯೂಯಾರ್ಕ್ ಟೈಮ್ಸ್ 2019ರಲ್ಲಿ ನೋಡಬೇಕಾದ 52 ತಾಣಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ನೀಡಿದ್ದನ್ನು ಸರ್ಕಾರ ಹೆಮ್ಮೆಯಿಂದ ಪ್ರಚಾರ ಮಾಡಿತ್ತು. 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಮೇಲೆ ಕಲ್ಲಿನ ರಥ ಮುದ್ರಣವಾಗಿ ದೇಶದ ಪ್ರತಿ ಕಿಸೆಗೂ ತಲುಪಿತ್ತು. ಆ ನೋಟನ್ನು ರಥದ ಎದುರು ಹಿಡಿದು ಚಿತ್ರ ತೆಗೆಸಿಕೊಳ್ಳುವುದು ಈಗ ಹಂಪಿಯ ಹೊಸ ಆಚರಣೆ. ಶುಕ್ರವಾರ ರಾತ್ರಿ ಬೆಂಗಳೂರು, ಹೈದರಾಬಾದ್ ಬಿಟ್ಟು ಭಾನುವಾರ ರಾತ್ರಿ ಮರಳುವ ಕಾರುಗಳ ಸಾಲು ಇದಕ್ಕೆ ಸೇರಿತು.

ತಿಂಗಳುಗಟ್ಟಲೆ ಇದ್ದು ದಿನಕ್ಕಿಷ್ಟು ಎಂದು ಹಿಡಿದು ಖರ್ಚು ಮಾಡುವವನ ಬದಲು ಎರಡೇ ದಿನದಲ್ಲಿ ಎಲ್ಲವನ್ನೂ ನೋಡಬೇಕಾದವನು ಬಂದಾಗ ಊರಿನ ಮೇಲಿನ ಒತ್ತಡದ ಬಗೆಯೇ ಬದಲಾಗುತ್ತದೆ. ಐದು ದಿನ ಖಾಲಿ, ಎರಡು ದಿನ ಕಾಲಿಡಲು ಜಾಗವಿಲ್ಲ. ನೀರು, ಕಸ, ಪಾರ್ಕಿಂಗ್, ಪೊಲೀಸ್ ವ್ಯವಸ್ಥೆಯನ್ನು ಯಾವ ದಿನದ ಲೆಕ್ಕಕ್ಕೆ ರೂಪಿಸಬೇಕು? ಸಣ್ಣ ಪಂಚಾಯಿತಿಗಳಿಗೆ ಆ ಎರಡು ದಿನದ ಕಸ ಎತ್ತುವ ಶಕ್ತಿ ಇಲ್ಲ. ಸ್ಮಾರಕಗಳ ಪ್ರವೇಶ ಶುಲ್ಕದ ಹಣ ಕೇಂದ್ರದ ಬೊಕ್ಕಸಕ್ಕೆ ಹೋಗುತ್ತದೆ, ಕಸ ಊರಿಗೆ ಉಳಿಯುತ್ತದೆ.

ಗಡ್ಡಿ ನೆಲಸಮವಾದ ಮೇಲೆ ಈ ವಾರಾಂತ್ಯದವರಿಗೆ ಹಾಸಿಗೆ ಒದಗಿಸಿದ್ದು ಸಣಾಪುರ ಕೆರೆಯ ಆಸುಪಾಸು. ಗದ್ದೆಯ ನಡುವೆ ಹೋಂಸ್ಟೇ ಹೆಸರಿನ ಗುಡಿಸಲುಗಳು ಎದ್ದವು. ಹಲವು ಕಡೆ ಭೂಪರಿವರ್ತನೆಯೂ ಇಲ್ಲ, ಪ್ರಾಧಿಕಾರದ ಅನುಮತಿಯೂ ಇಲ್ಲ. ಆಗಾಗ ನೋಟಿಸು, ವಿದ್ಯುತ್ ಸಂಪರ್ಕ ಕಡಿತ, ಒಂದಿಷ್ಟು ತೆರವು ನಡೆಯುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ದೀಪ ಹತ್ತುತ್ತದೆ. ಅನುಮತಿ ಕೊಟ್ಟು ನಿಯಮ ಹೇರಲು ಆಡಳಿತಕ್ಕೆ ಮನಸ್ಸಿಲ್ಲ, ಪೂರ್ತಿ ಮುಚ್ಚಿಸಲು ಧೈರ್ಯವಿಲ್ಲ. ಈ ಅರೆಬೆಳಕಿನಲ್ಲಿ ನಡೆಯುವ ವ್ಯಾಪಾರಕ್ಕೆ ಸುರಕ್ಷತೆಯ ಹೊಣೆ ಯಾರದು ಎಂಬ ಪ್ರಶ್ನೆ 2025ರ ಮಾರ್ಚ್‌ನಲ್ಲಿ ಭೀಕರವಾಗಿ ಎದುರಾಯಿತು. ಸಣಾಪುರ ಬಳಿಯ ಕಾಲುವೆ ದಡದಲ್ಲಿ ರಾತ್ರಿ ಕುಳಿತಿದ್ದ ಇಸ್ರೇಲಿನ ಪ್ರವಾಸಿ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದವರನ್ನು ಕಾಲುವೆಗೆ ತಳ್ಳಲಾಯಿತು, ಅವರಲ್ಲಿ ಒಡಿಶಾದ ಪ್ರವಾಸಿಯೊಬ್ಬರು ಅಸುನೀಗಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಗಸ್ತು, ಹೋಂಸ್ಟೇಗಳ ತಪಾಸಣೆ, ರಾತ್ರಿ ತಿರುಗಾಟಕ್ಕೆ ನಿರ್ಬಂಧಗಳ ಮಾತು ಕೇಳಿಬಂತು. ಅನಧಿಕೃತ ಎಂದು ಕಡತದಲ್ಲಿ ಬರೆದಿಟ್ಟ ಜಾಗಕ್ಕೆ ಅಧಿಕೃತ ಬೀದಿದೀಪ ಬರುವುದಾದರೂ ಹೇಗೆ?

ನೀರುನಾಯಿಯ ಪಾಲು

ಪರಿಸರದ ಮಾತು ಬಂದಾಗ ಹಂಪಿಯಲ್ಲಿ ಚರ್ಚೆಯಾಗುವುದು ಪ್ಲಾಸ್ಟಿಕ್ ಬಾಟಲಿ. ಅದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗ ನದಿಯೊಳಗಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನೀರುನಾಯಿಗಳಿಗಾಗಿ ಇಂಥ ಘೋಷಣೆ ದೇಶದಲ್ಲೇ ಮೊದಲು. ಹಂಪಿ, ಆನೆಗೊಂದಿ, ಗಡ್ಡಿ ಎಲ್ಲವೂ ಈ ಹರಿವಿನ ದಡದಲ್ಲಿವೆ. ಬಂಡೆಗಳ ಸಂದಿಯಲ್ಲಿ ಮರಿ ಹಾಕುವ, ಮೀನನ್ನೇ ನಂಬಿದ ಈ ಪ್ರಾಣಿಗೆ ಬೇಕಾದದ್ದು ನಿಶ್ಶಬ್ದ ದಡ ಮತ್ತು ತಿಳಿ ನೀರು. ಪ್ರವಾಸಿಗೂ ಬೇಕಾದದ್ದು ಅದೇ ದಡ, ಅದೇ ನೀರು. ಹರಿಗೋಲಿನಲ್ಲಿ ತಿರುಗಿಸುವ ಆಟ, ಬಂಡೆಯಿಂದ ನೀರಿಗೆ ಹಾರುವ ಸಾಹಸ, ದಡದಲ್ಲಿ ರಾತ್ರಿಯ ಬೆಂಕಿ ಎಲ್ಲವೂ ನಡೆಯುವುದು ಅಲ್ಲಿಯೇ. ಸಿಡಿಮದ್ದು ಹಾಕಿ ಮೀನು ಹಿಡಿಯುವವರ ಹಳೆಯ ಹಾವಳಿಗೆ ಇದೊಂದು ಹೊಸ ಸೇರ್ಪಡೆ.

ನೆಲದ ರಚನೆಯೂ ತೊಡಕಿನದು. ಹಂಪಿಯ ಸುತ್ತ ತೆಳುವಾದ ಮಣ್ಣಿನ ಕೆಳಗೆ ಗಟ್ಟಿ ಕಣಶಿಲೆ. ಇಲ್ಲಿ ಇಂಗುಗುಂಡಿ ತೋಡಿ ಶೌಚದ ನೀರು ಬಿಟ್ಟರೆ ಅದು ಆಳಕ್ಕೆ ಇಳಿಯುವುದಕ್ಕಿಂತ ಪಕ್ಕಕ್ಕೆ ಹರಿದು ಕಾಲುವೆಗೋ ಹೊಳೆಗೋ ಸೇರುವುದೇ ಹೆಚ್ಚು. ಹತ್ತು ಮನೆಗಳ ಹಳ್ಳಿಯನ್ನು ಈ ನೆಲ ತಾಳಿಕೊಂಡೀತು. ಮನೆಯೊಂದಕ್ಕೆ ಹತ್ತು ಕೋಣೆಗಳಾದರೆ ಲೆಕ್ಕ ತಪ್ಪುತ್ತದೆ. ವಿಜಯನಗರದ ಕಾಲುವೆಯಲ್ಲೇ ಬಟ್ಟೆ ಒಗೆಯುವ, ಅದರ ನೀರನ್ನೇ ಗದ್ದೆಗೆ ಹಾಯಿಸುವ ರೈತನಿಗೆ ಇದು ಪರಿಸರವಾದಿಗಳ ಮಾತಲ್ಲ, ದಿನದ ಬದುಕು.

ಇನ್ನು ಬಂಡೆಗುಡ್ಡಗಳು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಈ ಗುಂಡುಗಳನ್ನು ಪ್ರವಾಸಿ ಕರಪತ್ರಗಳು ಹಿನ್ನೆಲೆಯ ಚಿತ್ರವಾಗಿಯಷ್ಟೇ ಬಳಸುತ್ತವೆ. ದಖನ್ನಿನ ಬಂಡೆಗುಡ್ಡಗಳನ್ನು ಬಿಟ್ಟು ಬೇರೆಡೆ ಹೆಚ್ಚು ಕಾಣದ ಹಳದಿ ಕೊರಳಿನ ಪಿಕಳಾರ ಹಕ್ಕಿಯ ಮನೆ ಇದೇ ಪೊದೆ-ಬಂಡೆಗಳ ಸಂದು. ಅನತಿ ದೂರದ ದರೋಜಿಯಲ್ಲಿ 1994ರಿಂದ ಕರಡಿಧಾಮವಿದೆ. ಗುಡ್ಡಗಳಿಗೆ ಕಲ್ಲು ಗಣಿಯ ಕಾಟ ಹಿಂದೆ ಇತ್ತು. ಈಗ ಸೂರ್ಯಾಸ್ತ ನೋಡಲು ಗುಂಪುಗುಂಪಾಗಿ ಏರುವವರ ಕಾಟ. ಎರಡನೆಯದು ಸೌಮ್ಯವೆಂದು ಕಂಡರೂ ದಿನವೂ ನಡೆಯುವಂಥದ್ದು.

ಕಲ್ಲಿಗೂ ಸೋಂಕು

ಸ್ಮಾರಕಗಳೇ ಸುರಕ್ಷಿತವೇ ಎಂದರೆ ಅದೂ ಇಲ್ಲ. ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಕ್ರಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು. ಜನ ತಿರುಗಿಸಿ ತಿರುಗಿಸಿ ಸವೆಯತೊಡಗಿದಾಗ ಅವುಗಳನ್ನು ಸಿಮೆಂಟಿನಿಂದ ಬಿಗಿಯಲಾಯಿತು. ಸಂಗೀತ ಕಂಬಗಳನ್ನು ಬಾರಿಸಿ ನೋಡುವ ಚಪಲ ತಡೆಯಲಾಗದೆ ಅವುಗಳನ್ನು ಮುಟ್ಟದಂತೆ ನಿಷೇಧಿಸಲಾಯಿತು. ರಥದ ಸುತ್ತಲೂ ಈಗ ತಡೆ ಇದೆ. 2019ರಲ್ಲಿ ಗಜಶಾಲೆಯ ಹಿಂಭಾಗದ ವಿಷ್ಣು ದೇವಾಲಯದ ಆವರಣದಲ್ಲಿ ಯುವಕರು ಕಂಬವನ್ನು ನೂಕಿ ಬೀಳಿಸುವ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿ ದೇಶವೇ ಸಿಟ್ಟಾಯಿತು. ಹೊಸಪೇಟೆ ನ್ಯಾಯಾಲಯ ತಪ್ಪಿತಸ್ಥರಿಗೆ ತಲಾ 70 ಸಾವಿರ ರೂಪಾಯಿ ದಂಡ ವಿಧಿಸಿತು. ಬಿದ್ದ ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ಕಳೆದ ದಶಕಗಳಲ್ಲಿ ಹಂಪಿಯ ಕುರಿತು ಬಂದ ಆದೇಶಗಳಲ್ಲಿ ಜನಸಾಮಾನ್ಯರಿಗೆ ಇಷ್ಟು ಚೆನ್ನಾಗಿ ಅರ್ಥವಾದ ಆದೇಶ ಇನ್ನೊಂದಿಲ್ಲ.

ಗೆಜ್ಜಲ ಮಂಟಪದಿಂದ ವಿಠ್ಠಲ ದೇವಾಲಯದವರೆಗೆ ಖಾಸಗಿ ವಾಹನಗಳನ್ನು ನಿಲ್ಲಿಸಿ ಬ್ಯಾಟರಿ ವಾಹನ ಓಡಿಸಿದ್ದು ಯಶಸ್ವಿಯಾದ ಮತ್ತೊಂದು ಕ್ರಮ. ಹೊಗೆ, ಹಾರ್ನ್, ಕಂಪನ ನಿಂತವು. ಆ ವಾಹನಗಳ ಚಾಲಕಿಯರಾಗಿ ಸುತ್ತಲಿನ ಮಹಿಳೆಯರಿಗೆ ಕೆಲಸ ಸಿಕ್ಕಿತು. ಇಲ್ಲಿ ಯಾರನ್ನೂ ಎಬ್ಬಿಸಲಿಲ್ಲ, ನಿಯಮ ಹಾಕಿ ಸ್ಥಳೀಯರ ಕೈಗೆ ಕೆಲಸ ಕೊಡಲಾಯಿತು, ಅಷ್ಟೆ. ಇಷ್ಟು ಸರಳ ಸೂತ್ರ ಬಜಾರಿಗೆ, ಗಡ್ಡಿಗೆ, ಈಗ ಸಣಾಪುರಕ್ಕೆ ಏಕೆ ಹೊಳೆಯಲಿಲ್ಲ ಎಂಬುದು ಯಕ್ಷಪ್ರಶ್ನೆ. ತಾಜಮಹಲಿನಲ್ಲಿ 2018ರಿಂದ ಒಬ್ಬ ಪ್ರವಾಸಿಗೆ ಮೂರು ಗಂಟೆಯ ಮಿತಿ ಬಂತು. ಇಟಲಿಯ ವೆನಿಸ್ 2024ರಲ್ಲಿ ಜನಸಂದಣಿಯ ದಿನಗಳಂದು ಹಗಲು ಬಂದು ಹೋಗುವವರಿಗೆ ಪ್ರವೇಶ ಶುಲ್ಕ ವಿಧಿಸಿತು. ಅದರಿಂದ ಸಂದಣಿ ಕಡಿಮೆಯಾಯಿತೋ ಇಲ್ಲವೋ ಎಂಬ ವಾದ ಬೇರೆ. ಹಂಪಿ ಒಂದು ದಿನಕ್ಕೆ ಎಷ್ಟು ಜನರನ್ನು ತಾಳಿಕೊಂಡೀತು ಎಂಬ ಪ್ರಶ್ನೆಗೆ ಇಲ್ಲಿ ಉತ್ಸವಗಳ ಭಾಷಣದಲ್ಲೂ ಜಾಗವಿಲ್ಲ.

ಮದುವೆ ಮತ್ತು ಉತ್ಸವ

ಹಂಪಿಯ ಸಂಸ್ಕೃತಿ ಎಂದರೆ ಏನು? ಪಂಪಾದೇವಿ ಮತ್ತು ವಿರೂಪಾಕ್ಷರ ನಿಶ್ಚಿತಾರ್ಥ ಫಲಪೂಜೆಯಲ್ಲಿ ನಡೆಯುತ್ತದೆ, ಚೈತ್ರದಲ್ಲಿ ಮದುವೆ, ಆಮೇಲೆ ಜೋಡಿ ರಥೋತ್ಸವ. ವಿಜಯನಗರ ಹುಟ್ಟುವುದಕ್ಕೂ ಮೊದಲಿನ ಸ್ಥಳೀಯ ದೇವತೆಯೊಬ್ಬಳು ಶಿವನ ಕೈಹಿಡಿದ ಕತೆ ಇದು. ಸುತ್ತಲಿನ ಹಳ್ಳಿಗಳ ಜನ ಚಕ್ಕಡಿ ಕಟ್ಟಿಕೊಂಡು ಬಂದು ಬಜಾರಿನ ಮಂಟಪಗಳಲ್ಲೇ ತಂಗಿ, ಅಡುಗೆ ಮಾಡಿ, ತೇರು ನೋಡಿ ಹೋಗುತ್ತಿದ್ದರು. ಇಂದಿಗೂ ತೇರಿಗೆ ಜನ ಸೇರುತ್ತಾರೆ. ಆದರೆ ತೇರಿನ ಬೀದಿಯಲ್ಲಿ ಈಗ ಮನೆಗಳಿಲ್ಲ. ಬೀದಿಯವರು ಕಡ್ಡಿರಾಂಪುರದಿಂದ ಬಂದು ಅತಿಥಿಗಳಂತೆ ನೋಡಿ ಹೋಗುತ್ತಾರೆ.

ಇದಕ್ಕೆ ಹೋಲಿಸಿದರೆ ಎಂ.ಪಿ. ಪ್ರಕಾಶ್ ಅವರ ಆಸಕ್ತಿಯಿಂದ ಬೆಳೆದ ಹಂಪಿ ಉತ್ಸವಕ್ಕೆ ಸರ್ಕಾರದ ಬಲವಿದೆ. ಬಯಲಾಟ, ತೊಗಲುಗೊಂಬೆ, ಹಗಲುವೇಷದವರಿಗೆ ದೊಡ್ಡ ವೇದಿಕೆ ಒದಗಿಸುವುದು ಅದರ ಮೂಲ ಆಶಯವಾಗಿತ್ತು. ವರ್ಷ ಕಳೆದಂತೆ ಮುಖ್ಯ ವೇದಿಕೆ ಚಿತ್ರತಾರೆಯರ ಪಾಲಾಗಿ, ಜನಪದರು ಸಣ್ಣ ವೇದಿಕೆಗೆ ಸರಿದದ್ದು ಗುಟ್ಟೇನಲ್ಲ. ಧ್ವನಿವರ್ಧಕಗಳ ಕಂಪನ ಸ್ಮಾರಕಗಳಿಗೆ ಒಳ್ಳೆಯದಲ್ಲವೆಂಬ ಆಕ್ಷೇಪ ಹಳೆಯದು. ಮನೆ ಇದ್ದುದಕ್ಕೆ ಬೀದಿಯನ್ನು ತೆರವು ಮಾಡಿದವರು ವೇದಿಕೆ ಕಟ್ಟುವಾಗ ಆ ನಿಷ್ಠುರತೆ ತೋರುವುದಿಲ್ಲ.

ಕೈಕಸುಬಿನ ಕತೆಯೂ ಇಂಥದ್ದೇ. ಅಂಗಡಿಗಳಲ್ಲಿ ‘ಹಂಪಿಯ ನೆನಪು’ ಎಂದು ಮಾರಾಟವಾಗುವ ಚೀಲ, ಹೊದಿಕೆಗಳಲ್ಲಿ ಎಷ್ಟೋ ಹೊರರಾಜ್ಯಗಳಿಂದ ಸಗಟಾಗಿ ಬಂದವು. ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, 2023ರ ಜಿ-20 ಸಭೆಯ ಸಂದರ್ಭದಲ್ಲಿ ಹಂಪಿಯಲ್ಲೇ ಅದು ಗಿನ್ನೆಸ್ ದಾಖಲೆಗೂ ಸೇರಿತು. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಮಹಿಳೆಯರಿಗೆ ಬಾಳೆನಾರಿನ ಹೆಣಿಗೆ ಕಲಿಸಿ ಮಾರುಕಟ್ಟೆ ತೋರಿಸಿದೆ. ತೋಟದಲ್ಲಿ ಕಡಿದೊಗೆಯುತ್ತಿದ್ದ ಬಾಳೆದಿಂಡಿನಿಂದ ಚಾಪೆ, ಬುಟ್ಟಿ, ಚೀಲ ಆಗುತ್ತದೆ. ಇಂಥವು ಬೆರಳೆಣಿಕೆಯಷ್ಟು.

ಈ ನಡುವೆ ಹೊಳೆಯಾಚೆ ಅಂಜನಾದ್ರಿ ಹೊಸ ಕೇಂದ್ರವಾಗಿ ಬೆಳೆದಿದೆ. ಹನುಮ ಹುಟ್ಟಿದ್ದು ತಿರುಮಲದ ಬೆಟ್ಟದಲ್ಲಿ ಎಂದು ತಿರುಪತಿ ದೇವಸ್ಥಾನ ಮಂಡಳಿ 2021ರಲ್ಲಿ ಸಾರಿದ ಮೇಲೆ ಇಲ್ಲಿನ ನಂಬಿಕೆಗೆ ರಾಜಕೀಯ ಬಿಸಿಯೂ ತಗಲಿತು. 2022ರ ರಾಜ್ಯ ಬಜೆಟ್ಟಿನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. 575 ಮೆಟ್ಟಿಲು ಹತ್ತಿ ಬರುವ ಭಕ್ತನ ಶ್ರದ್ಧೆ ದೊಡ್ಡದು. ಅವನಿಗೆ ನೆರಳು, ನೀರು, ಶೌಚಾಲಯ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಸತಿ ಸಮುಚ್ಚಯ, ರೋಪ್‌ವೇ, ವಾಹನ ನಿಲುಗಡೆಯ ನಕ್ಷೆಗಳು ಬರುತ್ತಿರುವುದು ಇದೇ ಪರಂಪರೆ ಪ್ರದೇಶಕ್ಕೆ, ಇದೇ ಗದ್ದೆಗಳಿಗೆ, ಇದೇ ನೀರುನಾಯಿಯ ದಡಕ್ಕೆ. ಸಣ್ಣವನ ಗುಡಿಸಲು ಅಕ್ರಮವಾಗುವ ನೆಲದಲ್ಲಿ ಸರ್ಕಾರದ ಕಾಂಕ್ರೀಟು ಅಭಿವೃದ್ಧಿಯಾಗುತ್ತದೆ ಎಂಬ ಗೊಣಗಾಟ ಆನೆಗೊಂದಿಯ ಕಟ್ಟೆಗಳಲ್ಲಿ ಕೇಳಿಬರುತ್ತದೆ.

ಆನೆಗೊಂದಿ ಸ್ವತಃ ಪರಂಪರೆ ಪ್ರದೇಶದೊಳಗಿನ ಊರು. ವಿಜಯನಗರಕ್ಕಿಂತ ಹಳೆಯದೆಂಬ ಹೆಮ್ಮೆ ಅದಕ್ಕಿದೆ. ಕೋಟೆಬಾಗಿಲಿನೊಳಗೆ ಇನ್ನೂ ಜನ ಬಾಳುತ್ತಿದ್ದಾರೆ, ಮಣ್ಣಿನ ಮಾಳಿಗೆ ಮನೆಗಳು ಇನ್ನೂ ನಿಂತಿವೆ. ಮಾಳಿಗೆ ಸೋರಿದರೆ ಅದನ್ನು ಕೆಡವಿ ಹೊಸದು ಕಟ್ಟಲು ಮನೆಯೊಡೆಯ ಪ್ರಾಧಿಕಾರದ ಅನುಮತಿಗೆ ಅರ್ಜಿ ಹಾಕಬೇಕು. ಮಣ್ಣಿನ ಮಾಳಿಗೆಯನ್ನು ಮೊದಲಿನಂತೆಯೇ ದುರಸ್ತಿ ಮಾಡಬಲ್ಲ ಕೆಲಸಗಾರರು ಸಿಗುವುದು ಕಷ್ಟ, ಸಿಕ್ಕರೂ ಕೂಲಿ ದುಬಾರಿ. ಅರ್ಜಿ ಹಾಕಿ ಕಾಯುವುದೋ, ಮನೆಯನ್ನು ಹೋಂಸ್ಟೇ ನಡೆಸುವವರಿಗೆ ಗುತ್ತಿಗೆ ಕೊಟ್ಟು ಗಂಗಾವತಿಯಲ್ಲಿ ಬಾಡಿಗೆ ಮನೆ ಹಿಡಿಯುವುದೋ ಎಂಬ ಲೆಕ್ಕಾಚಾರದಲ್ಲಿ ಕೆಲವರು ಈಗಾಗಲೇ ಎರಡನೆಯದನ್ನು ಆರಿಸಿಕೊಂಡಿದ್ದಾರೆ.